ಕಂಠೀರವದಲ್ಲಿ ನಮ್ಮ ಕೇರಿ ಹುಡುಗರು



ಮಧುಗಿರಿಯೋರಿಗೆ ಫುಟ್ಬಾಲ್ ಹುಚ್ಚು ಯಾಕೆ ಅಂತ ಸುಮಾರು ಜನ ಕೇಳ್ತಾರೆ. ನಿಜ, ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಆಟ ಅಂದ್ರೆ ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲು. ಆದ್ರೆ ಬೆಂಗಳೂರು ಎಫ್‌ಸಿ ಮ್ಯಾಚ್ ಇದ್ದ ದಿನ ನಮ್ಮ ಕೇರಿ ಹುಡುಗರು ಮೊಬೈಲ್ ಬಿಟ್ಟು ಏಳಲ್ಲ. 2023ರ ಮಾರ್ಚ್ 3, ಶುಕ್ರವಾರ, ಕೇರಳ ಬ್ಲಾಸ್ಟರ್ಸ್ ಜೊತೆ ಸೋತರೆ ಮನೆಗೆ ಅನ್ನೋ ಪಂದ್ಯ. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಆರು ಹುಡುಗರನ್ನ ಬಸ್ ಹತ್ತಿಸಿಕೊಂಡು ಹೊರಟೆ.

ಮೊದಲು ಹೋಗಿದ್ದು ಹಲಸೂರಿನ ಗೌತಮಪುರಕ್ಕೆ. ಅಲ್ಲಿ ಬುದ್ಧ, ಬಾಬಾಸಾಹೇಬ್, ಮದರ್ ತೆರೇಸಾ ಜೊತೆ ಪೆಲೆ ಪ್ರತಿಮೆ ಐತೆ. ಪೆಲೆ ತೀರಿಕೊಂಡು ಆಗ ಎರಡು ತಿಂಗಳು. 'ಅಣ್ಣಾ, ಬಾಬಾಸಾಹೇಬರ ಜೊತೆ ಇವರನ್ನ ಯಾಕೆ ನಿಲ್ಸವ್ರೆ?' ಅಂದ ಒಬ್ಬ. ಚಿಕ್ಕೋನಿದ್ದಾಗ ಬೂಟ್ ಪಾಲಿಶ್ ಮಾಡ್ತಿದ್ದೋರು ಕಣಪ್ಪ ಅಂದೆ. ಆಮೇಲೆ ಅವನು ಮಾತಾಡಲಿಲ್ಲ, ಫೋಟೋ ತೆಗೆಸಿಕೊಂಡ.

ಕಂಠೀರವದ ಗೇಟಲ್ಲಿ ಜೇಬು ತಡವಿದ್ರು, ಅಷ್ಟೇ. ಯಾವ ಊರು, ಯಾವ ಬೀದಿ, ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ. ಗುರುತಿಲ್ಲದೋರು ನಮ್ಮ ಹುಡುಗರ ಹೆಗಲ ಮೇಲೆ ಕೈ ಹಾಕ್ಕೊಂಡು ಹಾಡಿದ್ರು. ಇದನ್ನ ನೋಡಿ ಜಾತಿ ಹೋಯ್ತು ಅಂತ ಬರೆಯೋ ಪೆದ್ದ ನಾನಲ್ಲ. ಹೆಸರು ಕೇಳದಿದ್ರೆ ಜಾತಿ ಕಾಣಲ್ಲ, ಅಷ್ಟೇ. ಊರಲ್ಲಿ ಹಂಗಲ್ಲ. ಚೆಂಡು ಗುಡಿ ಅಂಗಳಕ್ಕೆ ಬಿದ್ರೆ ನಮ್ಮ ಹುಡುಗರು ಆಚೆ ನಿಂತು, ಯಾರಾದ್ರೂ ಎತ್ತಿ ಎಸೀಲಿ ಅಂತ ಕಾಯಬೇಕು.

90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್ ಸಿಕ್ತು. ಎದುರಾಳಿಗಳು ಇನ್ನೂ ಗೋಡೆ ಕಟ್ತಾ ಇದ್ದಂಗೇ ಸುನಿಲ್ ಚೆಟ್ರಿ ಹೊಡೆದೇಬಿಟ್ಟರು. ರೆಫರಿ ಗೋಲು ಕೊಟ್ರು. ಬ್ಲಾಸ್ಟರ್ಸ್ ಕೋಚ್ ತಂಡನೇ ಮೈದಾನದಿಂದ ಆಚೆ ಕರೆದುಕೊಂಡು ಹೋದ್ರು. ನಾವು ಗೆದ್ದ್ವಿ. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ದಂಡ, ಕೋಚಿಗೆ 10 ಪಂದ್ಯ ನಿಷೇಧ.

ಬಸ್ಸಲ್ಲಿ ಅದೇ ಜಗಳ. 'ಅನ್ಯಾಯ ಅನ್ನಿಸಿದ್ರೆ ಆಟ ಬಿಟ್ಟು ಹೋಗಬೋದಾ ಅಣ್ಣಾ?' ಅಂತ. ಅವರಿಗೆ ಪಲ್ವಂಕರ್ ಬಾಲೂ ಕತೆ ಹೇಳಿದೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದೋರು. ಪುಣೆಯಲ್ಲಿ ಅವರಿಗೆ ಚಹಾ ಕೊಡ್ತಿದ್ದಿದ್ದು ಪೆವಿಲಿಯನ್ ಆಚೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂಗಳ ತಂಡ ನಾಯಕತ್ವ ಕೊಡಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ್, ಶಿವರಾಂ ಇಬ್ಬರೂ ಆಡಲ್ಲ ಅಂತ ತಂಡದಿಂದ ಹೊರಗೆ ನಿಂತರು. 1923ರಲ್ಲಿ ಅದೇ ತಂಡಕ್ಕೆ ವಿಠ್ಠಲ್ ಕ್ಯಾಪ್ಟನ್ ಆದ್ರು. ಬಾಲೂ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ನಿಂತು ಸೋತರು ಅನ್ನೋದೂ ಹೇಳಿದೆ. ಮುಚ್ಚಿಡೋದು ಏನೈತೆ?

'ಹಂಗಾದ್ರೆ ನಾವು ಗುಡಿ ಹತ್ರ ಆಡೋದೇ ಬಿಟ್ರೆ?' ಅಂದ ಕಿಟಕಿ ಪಕ್ಕದೋನು. 'ಬಿಟ್ಟು ಎಲ್ಲಿ ಆಡ್ತೀಯಲೇ?' ಅಂದ ಇನ್ನೊಬ್ಬ.

ಅದಕ್ಕೇ ಈ ಪೋಸ್ಟ್. ಕೇರಿ ಹಿಂದಿನ ಸರ್ಕಾರಿ ಜಾಗನ ಆಟದ ಮೈದಾನಕ್ಕೆ ಬಿಡಿ ಅಂತ ಅರ್ಜಿ ಟೈಪ್ ಮಾಡಿದ್ದೀನಿ, ಪಹಣಿನೂ ತೆಗೆಸಿದ್ದೀನಿ. ಭಾನುವಾರ ಬೆಳಗ್ಗೆ ಅಂಬೇಡ್ಕರ್ ಭವನದ ಹತ್ರ ಇರ್ತೀನಿ. ನಮ್ಮ ಊರಿನೋರು ಬಂದು ಸಹಿ ಹಾಕಿ, ಬೇರೆ ತಾಲೂಕಿನೋರು ನಿಮ್ಮ ಕೇರಿಗೂ ಒಂದು ಅರ್ಜಿ ಬರೀರಿ. ನಮೂನೆ ಬೇಕಿದ್ರೆ ಕೇಳಿ, ಕಳಿಸ್ತೀನಿ.