ಹಿಡಿಯಲ್ಲಿದೆ ಮಲೆನಾಡು

‘ಕೊಡಲಿ ಕಾವು ಕುಲಕ್ಕೆ ಮೂಲ’ ಎಂಬ ಗಾದೆಯನ್ನು ಶಾಲೆಯಲ್ಲಿ ಕೇಳದವರು ಕಡಿಮೆ. ಬರೀ ಕಬ್ಬಿಣ ಕಾಡನ್ನು ಕಡಿಯಲಾರದು, ಮರವೇ ಅದಕ್ಕೆ ಹಿಡಿಯಾಗಿ ಸೇರಬೇಕು ಎಂಬುದು ಅದರ ಹುರುಳು. ನೀತಿಯನ್ನು ಬದಿಗಿಟ್ಟು ಗಾದೆಯೊಳಗಿನ ಕೆಲಸದ ಮಾತನ್ನಷ್ಟೇ ತೆಗೆದುಕೊಂಡರೆ, ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ನೋಡಲು ಅದೇ ಒಳ್ಳೆಯ ಕೈಪಿಡಿ. ಇಲ್ಲಿ ಅಲಗು ಸಂತೆಯದು, ಹಿಡಿ ಮನೆಯದು.

ಈ ಮೂರು ತಾಲ್ಲೂಕುಗಳನ್ನು ಪೋಣಿಸಿರುವುದು ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ 1964ರ ಅಣೆಕಟ್ಟಿಗೆ ತಡೆದು ನಿಂತು, ಜೋಗದಲ್ಲಿ ಧುಮುಕುತ್ತಾಳೆ. ಪ್ರವಾಸಿಗರು ಜೋಗ ನೋಡಿ ಮರಳುತ್ತಾರೆ. ನಾವು ಈ ಸಲ ನದಿಗೆ ಎದುರಾಗಿ, ಸಾಗರದಿಂದ ತೀರ್ಥಹಳ್ಳಿಯ ಕಡೆಗೆ ಹೋಗೋಣ. ದಾರಿಯಲ್ಲಿ ನೋಡಬೇಕಾದ್ದು ಜನರ ಕೈಯಲ್ಲಿರುವ ಕತ್ತಿ, ಚಾಕುಗಳ ಹಿಡಿಯನ್ನು.

ಅಡಿಕೆ ತೋಟದ ಮನೆಯೊಂದರಲ್ಲಿ ಎಷ್ಟು ಬಗೆಯ ಅಲಗುಗಳಿರುತ್ತವೆ ಎಂದು ಎಣಿಸಿದರೆ ಪಟ್ಟಣದ ಮಕ್ಕಳಿಗೆ ಅಚ್ಚರಿಯಾದೀತು. ಸೊಂಟದ ಕೊಕ್ಕೆಗೆ ಸಿಕ್ಕಿಸುವ ಕತ್ತಿ, ಹುಲ್ಲಿಗೆ ಕುಡುಗೋಲು, ಅಡುಗೆಮನೆಯ ಈಳಿಗೆ ಮಣೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕವಳದ ತಟ್ಟೆಯ ಅಡಕತ್ತರಿ. ಇವುಗಳ ಜೊತೆಗೆ ಕಿಸೆಯಲ್ಲಿ ಒಂದು ಮಡಚುವ ಚಾಕು. ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿಯ ಸೀಮೆಯಿದು. ಒಳ್ಳೆಯ ಮರದ ಗುಣ ಉಳಿಯಬೇಕಾದರೆ ಕಸಿ ಕಟ್ಟಬೇಕು. ಕಸಿಗೆ ಬೇಕಾದ್ದು ಇಂಥ ಹರಿತವಾದ ಸಣ್ಣ ಚಾಕು. ಅಂಗಡಿಯಿಂದ ಬಂದಾಗ ಅದಕ್ಕೆ ಪ್ಲಾಸ್ಟಿಕ್ ಹಿಡಿ ಇರುತ್ತದೆ. ಹಿಡಿ ಒಡೆದರೂ ಅಲಗು ಗಟ್ಟಿಯಿದ್ದರೆ ಚಾಕನ್ನು ಎಸೆಯಬೇಕಾಗಿಲ್ಲ. ಎರಡು ಮರದ ಚಕ್ಕೆ, ನಾಲ್ಕು ಹಿತ್ತಾಳೆ ಮೊಳೆ ಸಾಕು, ಅದಕ್ಕೆ ಹೊಸ ಹುಟ್ಟು.

ಗುಡಿಗಾರರ ಉಳಿ

ಸಾಗರ ಪೇಟೆ ಗುಡಿಗಾರರ ಕೆತ್ತನೆಗೆ ಹೆಸರಾದದ್ದು. ಗಂಧದ ಪೆಟ್ಟಿಗೆ, ದೇವರ ವಿಗ್ರಹ, ಬಳ್ಳಿ ಹೂಗಳ ಸೂಕ್ಷ್ಮ ಕೆಲಸ ಇವರ ಕುಲಕಸುಬು. ಹಿಂದೆ ಆನೆದಂತವನ್ನೂ ಕೆತ್ತುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತದ ಆನೆಗಳ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದಿಂದ ತರಿಸುತ್ತಿದ್ದ ದಂತಕ್ಕೂ ಬಾಗಿಲು ಹಾಕಿತು. ಗಂಧವಂತೂ ಮೊದಲಿನಿಂದಲೂ ಸರ್ಕಾರದ ಕಾವಲಿನ ಮರ. ತನ್ನ ಜಮೀನಿನಲ್ಲಿ ಬೆಳೆದ ಗಂಧಕ್ಕೆ ರೈತನೇ ಒಡೆಯ ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ. ಆದರೂ ಕಡಿಯಲು, ಸಾಗಿಸಲು ಇಲಾಖೆಯ ಅನುಮತಿ ಬೇಕು.

ದಂತ ಹೋಯಿತು, ಗಂಧ ದುರ್ಲಭವಾಯಿತು. ಉಳಿ ಮಾತ್ರ ನಿಲ್ಲಲಿಲ್ಲ. ಶಿವಣೆಯಂಥ ಮೆದು ಮರಗಳ ಮೇಲೂ ಅದೇ ಬಳ್ಳಿ, ಅದೇ ಹೂವು ಅರಳುತ್ತವೆ. ಹಿಡಿ ಮಾಡುವವನಿಗೆ ಇಲ್ಲಿ ಮೊದಲ ಪಾಠ ಸಿಗುತ್ತದೆ: ಬೆಲೆ ಇರುವುದು ಬರೀ ಸಾಮಗ್ರಿಗಲ್ಲ, ಅದರ ಮೇಲೆ ಬಿದ್ದ ಕೈಗೆ.

ಚೊಗರಿನ ಬಣ್ಣ

ಸಾಗರಕ್ಕೆ ಹತ್ತಿರದ ಹೆಗ್ಗೋಡನ್ನು ನಾಡು ಬಲ್ಲದ್ದು 1949ರಲ್ಲಿ ಶುರುವಾದ ನೀನಾಸಮ್‌ನಿಂದ. ಅದರ ನೆರೆಯ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘವಿದೆ. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿದ ಈ ಸಂಸ್ಥೆ ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುವುದರಲ್ಲಿ ಹೆಸರು ಮಾಡಿತು. ನೀಲಿಗೆ ನೀಲಿ ಗಿಡ, ಹಳದಿಗೆ ದಾಳಿಂಬೆ ಸಿಪ್ಪೆ. ಕೆಂಗಂದು ಬಣ್ಣಕ್ಕೆ ನಮ್ಮದೇ ಅಡಿಕೆ ಚೊಗರು.

ಚೊಗರು ಎಂದರೇನು? ಸಾಗರ ದಾಟಿ ಹೊಸನಗರದ ರಸ್ತೆ ಹಿಡಿದರೆ, ಕೊಯ್ಲಿನ ಕಾಲದಲ್ಲಿ ಮನೆಮನೆಯ ಅಂಗಳವೇ ಉತ್ತರ ಹೇಳುತ್ತದೆ. ಇಲ್ಲಿಯದು ಕೆಂಪಡಿಕೆ. ಹಸಿರು ಕಾಯನ್ನು ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸಿ, ಅಟ್ಟದ ಮೇಲೆ ಒಣಗಿಸುತ್ತಾರೆ. ಹಂಡೆಯಲ್ಲಿ ಉಳಿಯುವ ಮಂದವಾದ ಕೆಂಪು ನೀರೇ ಚೊಗರು. ಅಡಿಕೆಗೆ ಹೊಳಪು ಬರಲು ಅದೇ ಬೇಕು. ಬಟ್ಟೆಗೆ ಬಣ್ಣವಾಗುವುದೂ ಅದೇ. ಮರಕ್ಕೂ ಅದು ಚೆನ್ನಾಗಿ ಹಿಡಿಯುತ್ತದೆ.

ವಿದ್ಯಾರ್ಥಿಗಳು ಗಮನಿಸಬೇಕಾದ ರಸಾಯನ ವಿಜ್ಞಾನ ಇಲ್ಲಿದೆ. ಅಡಿಕೆಯ ಒಗರಿಗೆ ಕಾರಣ ಟ್ಯಾನಿನ್. ಕಬ್ಬಿಣದ ಲವಣ ತಾಗಿದರೆ ಟ್ಯಾನಿನ್ ಕಪ್ಪಾಗುತ್ತದೆ. ಅಳಲೆಕಾಯಿಯ ಟ್ಯಾನಿನ್ ಮತ್ತು ಕಬ್ಬಿಣ ಸೇರಿಸಿ ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ತತ್ವದಿಂದ. ತುಕ್ಕು ಹಿಡಿದ ನಾಲ್ಕು ಮೊಳೆಗಳನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಹಾಕಿ, ಬಾಯಿಯನ್ನು ಬಿಗಿಯಾಗಿ ಮುಚ್ಚದೆ ಇಡಿ. ಚೊಗರು ಹಚ್ಚಿ ಒಣಗಿಸಿದ ಚಕ್ಕೆಯ ಮೇಲೆ ಆ ನೀರನ್ನು ಕುಂಚದಿಂದ ಸವರಿ. ಕೆಂಗಂದು ಬಣ್ಣ ನೋಡನೋಡುತ್ತ ಕಪ್ಪಿಗೆ ತಿರುಗುತ್ತದೆ. ಅರಿಸಿನದ ಹಳದಿ ಕೂಡ ಚೆಂದವೇ, ಆದರೆ ಅದು ಬಿಸಿಲಿಗೆ ಹಾರಿಹೋಗುತ್ತದೆ.

ಮಳೆಯ ಪರೀಕ್ಷೆ

ಹೊಸನಗರ ತಾಲ್ಲೂಕಿನ ಹುಲಿಕಲ್, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಎರಡೂ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಕಾಣುವ ಊರುಗಳು. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯೆದುರು ಎತ್ತರದ ಕಬ್ಬಿಣದ ಕಂಬವೊಂದಿದೆ. ಇಷ್ಟು ಮಳೆಯಲ್ಲಿ ನಿಂತೂ ತುಕ್ಕಿಗೆ ಬಲಿಯಾಗದ ಅದನ್ನು ಲೋಹವಿಜ್ಞಾನಿಗಳು ಕುತೂಹಲದಿಂದ ಪರೀಕ್ಷಿಸಿದ್ದಾರೆ. ನಮ್ಮ ಚಾಕಿಗೆ ಆ ಭಾಗ್ಯವಿಲ್ಲ. ಅಲಗಿಗೆ ತುಕ್ಕು, ಹಿಡಿಗೆ ಬೂಷ್ಟು, ಎರಡೂ ಇಲ್ಲಿ ಖಂಡಿತ.

ಮಡಚುವ ಚಾಕಿಗೆ ಇನ್ನೊಂದು ಕಾಟ. ಮಳೆಗಾಲದ ತೇವಕ್ಕೆ ಮರ ಉಬ್ಬಿದರೆ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ 1890ರಲ್ಲಿ ಹುಟ್ಟಿದ, ಮರದ ಹಿಡಿಯ ಒಪಿನೆಲ್ ಚಾಕು ಜಗತ್ತಿನಲ್ಲೆಲ್ಲ ಮಾರಾಟವಾಗುತ್ತದೆ. ನೀರು ಕುಡಿದರೆ ಅದಕ್ಕೂ ಇದೇ ಪಾಡು. ಇದಕ್ಕೆ ಮಲೆನಾಡಿನ ಮದ್ದು ಹಳೆಯದು. ಹಿಡಿಯ ಮರವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ತಿಂಗಳುಗಟ್ಟಲೆ ಇಡುವುದು. ಅವಸರದ ಹಸಿ ಮರ ಮೊದಲ ಮಳೆಗೇ ಬಣ್ಣಗೆಡುತ್ತದೆ.

ಕೊಂಬಿನ ಮಾತು ಬೇಡ

ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ರಾಮೇಶ್ವರನಿಗೆ ಎಳ್ಳಮಾವಾಸ್ಯೆಯ ಜಾತ್ರೆ. ಜಾತ್ರೆಯ ಸಾಲಂಗಡಿಗಳಲ್ಲಿ ಬಳೆ, ಬೆಂಡುಬತ್ತಾಸಿನ ನಡುವೆ ಕಬ್ಬಿಣದ ಸಾಮಾನನ್ನೂ ಹುಡುಕಿ ನೋಡಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲೂ ಹಾಗೆಯೇ. ಅಲಗನ್ನು ಬೆರಳಿನಿಂದ ಮೀಟಿ, ನಾದ ಕೇಳಿ ಕೊಳ್ಳುವುದು ಹಿರಿಯರ ರೂಢಿ.

ಹಳೆಯ ಮನೆಗಳಲ್ಲಿ ಕಡವೆ ಅಥವಾ ಜಿಂಕೆ ಕೊಂಬಿನ ಹಿಡಿಯಿರುವ ಚೂರಿಗಳು ಕಂಡರೆ ಮಕ್ಕಳಿಗೆ ಆಸೆಯಾಗುವುದು ಸಹಜ. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕೊಂಬನ್ನು ಕೊಳ್ಳುವುದು, ಮಾರುವುದು ಅಪರಾಧ. ಕಾಡಿನಲ್ಲಿ ಉದುರಿ ಬಿದ್ದದ್ದನ್ನೂ ಎತ್ತಿ ತರುವಂತಿಲ್ಲ. 2023ರಲ್ಲಿ ಹುಲಿಯುಗುರಿನ ಪದಕಗಳ ಪ್ರಕರಣ ರಾಜ್ಯದಲ್ಲೆಲ್ಲ ಸುದ್ದಿಯಾದದ್ದು ತಂದೆತಾಯಂದಿರಿಗೆ ನೆನಪಿರಬಹುದು. ಬೀಟೆ ಮರಕ್ಕೂ ಕಾನೂನಿನ ಕಾವಲುಂಟು. ಬಡಗಿಯ ಬಳಿ ಹಳೆಯ ಕಿಟಕಿಯ ತುಂಡು ಸಿಕ್ಕರೆ ಸರಿ, ಕಾಡಿನ ಮರಕ್ಕೆ ಕೈ ಹಾಕಬಾರದು. ಹಿತ್ತಿಲಲ್ಲಿ ಹಲಸಿದೆ, ಮುರಿದು ಬಿದ್ದ ಬಗನಿಯ ಕರಿ ಗೆರೆಯ ಸೀಳಿದೆ, ಅಡಿಕೆ ದಬ್ಬೆಯಿದೆ, ತೆಂಗಿನ ಗೆರಟೆಯಿದೆ. ಯಾರ ಮುಂದೆ ಬೇಕಾದರೂ ಕಿಸೆಯಿಂದ ತೆಗೆದು ತೋರಿಸಬಹುದಾದ ಹಿಡಿಗೆ ಇಷ್ಟು ಸಾಲದೆ?

ಚಾಕು ಬಿಚ್ಚುವ ಮುನ್ನ

ಮಾಡುವ ಬಗೆ ಕಷ್ಟದ್ದಲ್ಲ, ತಾಳ್ಮೆಯದು. ಅಲಗನ್ನು ಮಡಚಿ, ದಪ್ಪ ಬಟ್ಟೆ ಸುತ್ತಿ ಬಿಗಿದ ಮೇಲೆಯೇ ಕೆಲಸ ಶುರು. ಪಕ್ಕದ ಚಕ್ಕೆಗಳನ್ನು ಹಿಡಿದ ಮೊಳೆಗಳನ್ನಷ್ಟೇ ಅರದಿಂದ ತೇಯ್ದು ತೆಗೆಯಬೇಕು. ಅಲಗು ತಿರುಗುವ ಕೀಲಿನ ಮೊಳೆಗೆ ಕೈ ಹಚ್ಚಬಾರದು. ಹಳೆಯ ಚಕ್ಕೆಯನ್ನೇ ಅಚ್ಚಾಗಿ ಇಟ್ಟು ಹೊಸ ಮರದ ಮೇಲೆ ಗೆರೆ ಎಳೆಯಿರಿ. ದಪ್ಪ ಪೆನ್ಸಿಲಿನ ಅರ್ಧದಷ್ಟಿದ್ದರೆ ಸಾಕು. ತೂತು ಕೊರೆದು, ಮರಳು ಕಾಗದದಿಂದ ಉಜ್ಜಿ, ಒಮ್ಮೆ ಒದ್ದೆ ಮಾಡಿ ಒಣಗಿಸಿ. ಏಳುವ ನಾರನ್ನು ಮತ್ತೆ ಉಜ್ಜಿದ ಮೇಲೆ ಚೊಗರು ಹಚ್ಚಿ. ಎಣ್ಣೆ ಕೊನೆಗೆ; ಮೊದಲೇ ಎಣ್ಣೆ ಕುಡಿದ ಮರ ಬಣ್ಣ ಕುಡಿಯುವುದಿಲ್ಲ. ಒಣಗಿ ಗಟ್ಟಿಯಾಗುವ ಅಗಸೆ ಎಣ್ಣೆ ಉತ್ತಮ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಡದೆ ಹರವಿ ಒಣಗಿಸಬೇಕು. ಮುದ್ದೆಯಾದರೆ ತಾನೇ ಕಾದು ಹೊತ್ತಿಕೊಳ್ಳುವುದುಂಟು. ಗೆದ್ದಲಿಗೆಂದು ಮರಕ್ಕೆ ಬಳಿಯುವ ಗೇರೆಣ್ಣೆಯಂತೂ ಹಿಡಿಗೆ ಬೇಡವೇ ಬೇಡ. ಅದು ಚರ್ಮವನ್ನು ಸುಡುತ್ತದೆ.

ಇದು ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಮಾಡಿಸಬೇಕಾದ ಕೆಲಸ. ಚಾಕು ಶಾಲೆಯ ಚೀಲಕ್ಕೆ ಹೋಗುವ ವಸ್ತುವೂ ಅಲ್ಲ. ಅಡಿಕೆ ಸುಲಿಯಲು ಯಂತ್ರ ಬಂದಿದೆ, ಕೊನೆ ಇಳಿಸಲು ಫೈಬರ್ ದೋಟಿ ಬಂದಿದೆ. ಅದರಿಂದ ಬೆನ್ನಿನ ನೋವು ತಗ್ಗಿದ್ದು ಒಳ್ಳೆಯದೇ. ಆದರೆ ಯಾವ ಮರ ಕೈಗೆ ಹಿತ, ಯಾವುದು ಸೀಳುತ್ತದೆ, ಯಾವುದು ಮಳೆಗೆ ಉಬ್ಬುತ್ತದೆ ಎಂಬ ತಿಳಿವಳಿಕೆ ಹಿಡಿ ಹಾಕುವ ಕೈಗಳಲ್ಲೇ ಇತ್ತು. ಅದನ್ನು ಯಂತ್ರ ಕಲಿಸದು.

ಶಿವಮೊಗ್ಗ–ತಾಳಗುಪ್ಪ ರೈಲು ಸಾಗರ ಜಂಬಗಾರು ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬಸ್ಸುಗಳಿವೆ. ತೀರ್ಥಹಳ್ಳಿಯವರೆಗೆ ಹೋದವರು ಕುಪ್ಪಳಿಯ ಕವಿಮನೆಯನ್ನೂ ನೋಡಿ. ಮಲೆನಾಡಿನ ಮನೆಬಳಕೆಯ ಹಳೆಯ ಸಾಮಾನುಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಬರುವಾಗ ಒಂದು ಸಣ್ಣ ಶೀಸೆ ಚೊಗರು, ಒಣಗಿದ ಹಲಸಿನ ಒಂದು ತುಂಡು ಕೇಳಿ ತನ್ನಿ. ಬೇಸಿಗೆ ರಜೆಯ ಒಂದು ವಾರಕ್ಕೆ ಅದು ಸಾಕು.