ಅವ್ವನ ಯೇಸಪ್ಪ ಮತ್ತು ನನ್ನ ಸರ್ಟಿಫಿಕೇಟು

ಶ್ರೀರಾಂಪುರದ ನಮ್ಮ ಮನೆ ಅಂದರೆ ಒಂದೇ ಕೋಣೆ. ಗೋಡೆಯ ಮೇಲೆ ಎರಡು ಪಟ. ಬಾಬಾಸಾಹೇಬರದು ನಾನು ತಂದದ್ದು. ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಯೇಸುವಿನದು ಅವ್ವ ತಂದದ್ದು. ಬೆಳಗಿನ ಜಾವ ನಾಲ್ಕೂವರೆಗೆ ಅವ್ವ ಸ್ಟೌ ಪಕ್ಕ ಮಂಡಿಯೂರುತ್ತಾಳೆ. ‘ಯೇಸಪ್ಪಾ, ಇವತ್ತಿಂದು ನೀನು ನೋಡ್ಕೊ. ನಾಳೇದು ನಾಳೆ ಬಂದು ಕೇಳ್ತೀನಿ.’ ಪ್ರಾರ್ಥನೆ ಇಷ್ಟೇ. ಆಮೇಲೆ ಸೆರಗು ಸಿಕ್ಕಿಸಿಕೊಂಡು, ರೈಲು ಹಳಿಯ ಆಚೆ ಮಲ್ಲೇಶ್ವರಕ್ಕೆ ಪಾತ್ರೆ ಉಜ್ಜಲು ಹೊರಡುತ್ತಾಳೆ. ಆಗ ನಾಲ್ಕು ಮನೆ. ಒಂದು ಮನೆಯಲ್ಲಿ ಅವಳ ಕಾಫಿ ಲೋಟ ಹಿತ್ತಿಲ ಕಿಟಕಿಯ ಮೇಲೆ ಬೇರೆಯಾಗಿಯೇ ಇರುತ್ತಿತ್ತು.

ನಾನು ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು. ಹೋರಾಟದ ಹಾಡು ಕಲಿತೆ, ಪದ್ಯ ಬರೆದೆ, ಅವ್ವನ ಮೇಲೆ ರೇಗಿದೆ. ‘ಇದು ಅಫೀಮು ಕಣವ್ವ, ನೋವು ಮರೆಸೋಕೆ ಕೊಡ್ತಾರೆ’ ಅಂದೆ. ಅವ್ವ ನಕ್ಕಳು. ‘ನೋವು ಮರ್ತೋಗದಾಗಿದ್ರೆ ದಿನಾ ಯಾಕ್ಲಾ ಕೇಳ್ತಿದ್ದೆ?’ 1844ರಲ್ಲಿ ಮಾರ್ಕ್ಸ್ ಆ ಮಾತು ಬರೆದಾಗ ಧರ್ಮವನ್ನು ತುಳಿತಕ್ಕೊಳಗಾದವರ ನಿಟ್ಟುಸಿರು ಎಂದೂ ಕಂಡಿದ್ದ ಅನ್ನುವುದು ನನಗೆ ಆಮೇಲೆ ತಿಳಿಯಿತು. ನಾನು ಅರ್ಧ ಮಾತ್ರ ಕಲಿತು ಬಂದಿದ್ದೆ.

ಅವ್ವನಿಗೆ ಓದು ಬಾರದು. ರಾತ್ರಿ ಬೈಬಲ್ ಓದಿ ಹೇಳುವ ಕೆಲಸ ನನ್ನದು. ಒಂದು ರಾತ್ರಿ ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯ ಬಂತು. ದುಡಿದು ದಣಿದವರನ್ನು, ಹೊರೆ ಹೊತ್ತವರನ್ನು ಯೇಸು ಕರೆಯುತ್ತಾನೆ, ವಿಶ್ರಾಂತಿ ಕೊಡುತ್ತೇನೆ ಅನ್ನುತ್ತಾನೆ. ಅಲ್ಲಿಯವರೆಗೆ ಸರಿ. ಮುಂದಿನ ಮಾತಿಗೇ ತನ್ನ ನೊಗ ಹೊತ್ತುಕೊಳ್ಳಿ ಅನ್ನುತ್ತಾನೆ. ನಾನು ಪುಸ್ತಕ ಮುಚ್ಚಿದೆ.

ನೊಗ ಅಂದರೆ ನಮಗೆ ಪುಸ್ತಕದ ಮಾತಲ್ಲ. ನಮ್ಮ ತಾತ ಮಾಗಡಿ ಸೀಮೆಯಲ್ಲಿ ಜೀತಕ್ಕಿದ್ದವನು. ‘ಎತ್ತಿಗಾದ್ರೂ ಸಂಜೆಗೆ ನೊಗ ಇಳಿಸ್ತಾರೆ ಮಗ, ನಂಗೆ ಇಳಿಸ್ಲಿಲ್ಲ’ ಅನ್ನುತ್ತಿದ್ದ. ಜೀತ ರದ್ದಾದ ಕಾಯಿದೆ ಬಂದದ್ದು 1976ರಲ್ಲಿ. ಅದಕ್ಕೂ ಮೊದಲೇ ತಾತ ರಾತ್ರೋರಾತ್ರಿ ಓಡಿ ಬಂದು ಬೆಂಗಳೂರಿನಲ್ಲಿ ಮೂಟೆ ಹೊತ್ತ. ಅಂಥ ಮನೆಯಲ್ಲಿ ಹುಟ್ಟಿದ ನಾನು ಇನ್ನೊಂದು ನೊಗಕ್ಕೆ ಕತ್ತು ಕೊಡಲೇ?

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನೊಗಕ್ಕೆ ಎಷ್ಟು ಎತ್ತು ಕಟ್ತಾರೆ?’ ಅಂದಳು. ಎರಡು ಅಂದೆ. ‘ಇನ್ನೊಂದು ಕಡೆ ಯಾರವ್ರೆ ನೋಡು. ಗೌಡ ನೊಗ ಹೂಡಿ ಹಿಂದೆ ನಿಂತು ಚಾವಟಿ ಬೀಸ್ತಿದ್ದ. ಇವ್ನು ಪಕ್ಕಕ್ಕೆ ಬಂದು ಹೆಗಲು ಕೊಡ್ತಾನೆ.’ ನನ್ನ ಡಿಗ್ರಿ ಈ ಮಾತಿಗೆ ಉತ್ತರ ಕೊಡಲಿಲ್ಲ.

ಆಮೇಲೆ ನಾನೂ ಕಣ್ಣು ಬಿಟ್ಟು ಓದತೊಡಗಿದೆ. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಜನ ಮರುಭೂಮಿಯಲ್ಲಿ ಮನ್ನಾ ಆಯ್ದುಕೊಳ್ಳುತ್ತಾರೆ. ಅವತ್ತಿನದು ಅವತ್ತಿಗೆ, ಆಸೆಪಟ್ಟು ನಾಳೆಗೆ ಇಟ್ಟರೆ ಹುಳ. ದಿನಗೂಲಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಇನ್ನೂ ದೊಡ್ಡ ಮಾತಿದೆ. ಏಳನೇ ದಿನ ಯಜಮಾನನಿಗಷ್ಟೇ ಅಲ್ಲ, ಆಳಿಗೆ, ಆಳುಮಗಳಿಗೆ, ಎತ್ತಿಗೆ, ಕತ್ತೆಗೆ ಕೂಡ ಬಿಡುವು ಬೇಕು. ಕಾರಣ? ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ಅದನ್ನು ಮರೆಯಬೇಡಿ. ವಿಶ್ರಾಂತಿ ಅಲ್ಲಿ ದೊಡ್ಡವರ ದಯೆಯಲ್ಲ, ಬಿಡುಗಡೆಯಾದ ಗುಲಾಮರ ಹಕ್ಕು.

ಇದನ್ನು ಓದಿದ ವಾರ ಅವ್ವ ನಾಲ್ಕೂ ಮನೆಗೆ ಹೇಳಿ ಬಂದಳು: ‘ಭಾನುವಾರ ಬರಲ್ಲ, ಸಂಬಳ ಹಿಡೀಬೇಡಿ.’ ಮೂರು ಮನೆಯವರು ಗೊಣಗಿ ಒಪ್ಪಿದರು. ಒಂದು ಮನೆಯವರು ಕೆಲಸ ಬಿಡಿಸಿದರು. ಅದು ಲೋಟದ ಮನೆ. ಅವತ್ತು ರಾತ್ರಿ ಬಾಡಿಗೆ, ತಂಗಿಯ ಫೀಸು, ಗ್ಯಾಸು ಅಂತ ಲೆಕ್ಕ ಹಾಕಿ ಹಾಕಿ ನನಗೆ ನಿದ್ದೆ ಹತ್ತಲಿಲ್ಲ. ಸಂಘಟನೆಯಲ್ಲಿ ಗಂಟಲು ಹರಿಯುವಂತೆ ಕೂಗುವವನು ನಾನು. ಕೇಳಬೇಕಾದ ಕಡೆ ಕೇಳಿ ಬಂದವಳು ಅವ್ವ, ಕೇಳಿ ಬಂದು ನೆಮ್ಮದಿಯಾಗಿ ಗೊರಕೆ ಹೊಡೆದವಳೂ ಅವಳೇ.

ಇದೇ ಶ್ರೀರಾಂಪುರದಲ್ಲಿ ಬೆಳೆದ ಕವಿ ಸಿದ್ದಲಿಂಗಯ್ಯನವರು ಸ್ಮಶಾನದಲ್ಲಿ ಕೂತು ಓದುತ್ತಿದ್ದುದನ್ನು ‘ಊರು ಕೇರಿ’ಯಲ್ಲಿ ಬರೆದಿದ್ದಾರೆ. ನಮ್ಮ ಜನಕ್ಕೆ ನೆಮ್ಮದಿಯಾಗಿ ಕೂರಲು ಸತ್ತವರ ಜಾಗವೇ ಬೇಕಾಯಿತು. ಅವ್ವ ಸ್ಟೌ ಪಕ್ಕದ ಎರಡಡಿ ಜಾಗದಲ್ಲಿ ಬದುಕಿದ್ದಾಗಲೇ ಅದನ್ನು ಕಂಡುಕೊಂಡಿದ್ದಾಳೆ.

ಗೆಳೆಯರೇ, ನಾನು ಮತಪ್ರಚಾರಕ್ಕೆ ಕೂತಿಲ್ಲ. ಚರ್ಚಿನ ಒಳಗೂ ಜಾತಿ ಇದೆ. ಹೆಣ ಹೂಳುವ ಜಾಗದಲ್ಲೂ ಗೋಡೆ ಹಾಕಿದ ಕ್ರೈಸ್ತರು ದಕ್ಷಿಣ ಭಾರತದಲ್ಲಿದ್ದಾರೆ. ನಾನು ಹೇಳಬೇಕಾದ್ದು ಬೇರೆ. ಹನ್ನೆರಡು ವರ್ಷದಿಂದ ಅವ್ವ ಪ್ರಾರ್ಥನೆಗೆ ಹೋಗುತ್ತಿದ್ದಾಳೆ. ದೀಕ್ಷಾಸ್ನಾನ ಮಾತ್ರ ತೆಗೆದುಕೊಂಡಿಲ್ಲ. ಕಾರಣ ನಾನು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನಾಗಿರಬೇಕಾದರೆ ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಅದೇ 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಬೌದ್ಧರಾದವರು ಅದಕ್ಕಾಗಿ 1990ರ ತನಕ ಕಾಯಬೇಕಾಯಿತು. ಕ್ರೈಸ್ತರಾದ ದಲಿತರನ್ನು ಸೇರಿಸಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. 2022ರಲ್ಲಿ ಮತ್ತೊಂದು ಆಯೋಗ ಮಾಡಿದರು. ಲೋಟ ಬೇರೆ ಇಡುವವರು ಯಾವ ದೇವರು ಅಂತ ಕೇಳುವುದಿಲ್ಲ; ಸರ್ಟಿಫಿಕೇಟು ಕೊಡುವವರು ಕೇಳುತ್ತಾರೆ.

ಕಾನೂನಿನ ಸೂಕ್ಷ್ಮ ಏನೇ ಇರಲಿ, ಕೇರಿಯ ಭಯ ಇಷ್ಟೇ: ಅವ್ವನ ಹೆಸರು ಚರ್ಚಿನ ರಿಜಿಸ್ಟರಿಗೆ ಬಿದ್ದರೆ ಮಕ್ಕಳ ಹಾಸ್ಟೆಲು, ಸ್ಕಾಲರ್‌ಶಿಪ್ಪು ಹೋಗುತ್ತೆ. ನಾನು ತಿಂದ ಹಾಸ್ಟೆಲ್ ಅನ್ನದಲ್ಲಿ ಅವ್ವನ ಮುಂದೂಡಿದ ಸ್ನಾನವೂ ಇತ್ತು. ಅದನ್ನೇ ನಾನು ಅಫೀಮು ಅಂದಿದ್ದೆ.

ಡಿಗ್ರಿ ಬಂದ ದಿನ ಅವ್ವ ಕೇಳಿದಳು: ‘ನಿಂದು ಆಯ್ತಲ್ಲ ಮಗ, ಈಗ ಸ್ನಾನ ತಗೊಳ್ಳಲಾ?’ ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಓದುತ್ತಾ ಕೂತ ತಂಗಿಯ ಕಡೆ ನೋಡಿದಳು. ಅವಳಿನ್ನೂ ಪಿಯುಸಿ. ‘ಇರ್ಲಿ ಬಿಡು. ಯೇಸಪ್ಪಂಗೆ ರಿಜಿಸ್ಟರ್ ಬೇಕಾಗಿಲ್ಲ’ ಅಂದಳು.

ನಾನು ಇನ್ನೂ ಮಂಡಿಯೂರುವುದಿಲ್ಲ. ಆದರೆ ನಾಲ್ಕೂವರೆಗೆ ಎಚ್ಚರವಾದಾಗ ಕದಲದೆ ಮಲಗಿರುತ್ತೇನೆ, ಅವಳ ಮಾತು ಮುಗಿಯುವ ತನಕ. ಯೇಸಪ್ಪನಿಗೆ ರಿಜಿಸ್ಟರ್ ಬೇಡ. ಸರ್ಕಾರಕ್ಕೆ ಯಾಕೆ ಬೇಕು ಅಂತ ಕೇಳುವ ಕೆಲಸ ಅವ್ವನದಲ್ಲ, ನಮ್ಮದು.