ಒಂದು ಗಾಡಿ ನಿಂತ್ರ ಎಲ್ಲಾ ಗಾಡಿ ನಿಲ್ತಾವ

ಅಕ್ಕಾರ, ಹಳೇ ಜಾವಾ, ಯಜ್ಡಿ ಗಾಡಿ ತಗೊಂಡು ಗುಂಪಿನ್ಯಾಗ ತಿರಗಾಕ ಹೋಗೂದಂದ್ರ ಅರ್ಧ ದಾರಿ ರಿಪೇರಿನ ಆಗ್ತೈತಿ. 1961ರಾಗ ಸುರುವಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿ 1996ರಾಗ ಮುಚ್ಚಿತು. ಅಂದಿನ ಗಾಡಿ ಇಂದೂ ಓಡಸ್ತಾರಂದ್ರ ಅದು ಒಬ್ಬರಿಗೊಬ್ಬರು ಆಗೂದರಿಂದ.

ಇವು ಪೆಟ್ರೋಲಿನ್ಯಾಗ ಆಯಿಲ್ ಕೂಡಿಸಿ ಹಾಕೋ ಗಾಡಿ. ಆಯಿಲ್ ಜಾಸ್ತಿ ಆದ್ರ ಪ್ಲಗ್ಗಿಗೆ ಮಸಿ ಹಿಡದು ಕಿಡಿ ಬರೂದಿಲ್ಲ. ಸೀಮೆಎಣ್ಣಿ ಸ್ಟೋಕ್ಕ ಮಸಿ ಕಟ್ಟಿದ್ರ ನಾವು ಪಿನ್ನು ಚುಚ್ಚತಿದ್ವೆಲ್ಲ, ಹಂಗ. ಪ್ಲಗ್ ಬಿಚ್ಚಿ, ಪಾಲಿಶ್ ಪೇಪರ್‌ಲೆ ತಿಕ್ಕಿ ಹಾಕಿದ್ರ ಮತ್ತ ಚಾಲೂ.

ಮುಂಡಗೋಡ, ಹಳಿಯಾಳ, ದಾಂಡೇಲಿಯೊಳಗ ಗ್ಯಾರೇಜ್ ಸಿಗತಾವ. ಮುಂದ ಜೋಯಿಡಾ ಕಾಡಿನ್ಯಾಗ ಎಷ್ಟೋ ಕಡೆ ಫೋನೂ ಹತ್ತೂದಿಲ್ಲ. ಅಲ್ಲಿ ಒಂದು ಗಾಡಿ ನಿಂತ್ರ ಎಲ್ಲಾರೂ ನಿಲ್ತಾರ. ಒಬ್ಬರ ಚೀಲದಾಗ ಪಾನಾ, ಒಬ್ಬರ ಹತ್ರ ಕ್ಲಚ್ ವಾಯರ್, ಇನ್ನೊಬ್ಬರ ಡಬ್ಬ್ಯಾಗ ರೊಟ್ಟಿ, ಶೇಂಗಾ ಚಟ್ನಿ. ಹೆಸರು ಗೊತ್ತಿಲ್ಲದವರೂ ಕೈ ಮಸಿ ಮಾಡ್ಕೋತಾರ.

ನಮ್ಮನಿಯವರು ರಿಟೈರ್ ಆದ ಮ್ಯಾಲೆ ಮಾತಾ ಕಡಿಮಿ ಮಾಡಿದ್ರು. ಈ ಗುಂಪಿನ ಕೂಡ ಹೋಗಿ ಬಂದ ರಾತ್ರಿ, ಯಾರ ಗಾಡಿ ಎಲ್ಲಿ ನಿಂತಿತ್ತು, ಹೆಂಗ ಚಾಲೂ ಆತು ಅಂತ ಊಟ ಆರೋ ತನಕ ಹೇಳಿದ್ರು. ಮಗ ಯಜ್ಡಿನ ಗುಜರಿಗೆ ಕೊಡೂಣು ಅಂತಾನ. ನಾ ಬ್ಯಾಡ ಅಂದೇನಿ.